ಮಗ್ಗಿ ಒಪ್ಪಿಸಿದಂತೆ ನುಡಿಸುವುದನ್ನು ಬಿಡಲು: ಕ್ಲಾಸಿಕಲ್ ಗಿಟಾರ್ ಅಭ್ಯಾಸದಲ್ಲಿ ಭಾವ ತರುವ ಬಗೆ

ಎರಡು ವರ್ಷದ ಹಿಂದಿನ ಮಾತು. ಮೂರು ತಿಂಗಳು ಕೂತು ಒಂದೇ ಪುಟದ ಒಂದು ಪಾಠ ಕಲಿತಿದ್ದೆ. ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಅಮ್ಮನ ಎದುರು ಕೂತು ನುಡಿಸಿದೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಂದೂ ತಪ್ಪು ಬರಲಿಲ್ಲ. ಮುಗಿಸಿ ಮುಖ ನೋಡಿದೆ.

"ತಪ್ಪೇನೂ ಬರ್ಲಿಲ್ಲ ಬಿಡು," ಅಂದಳು. ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ಆದ್ರೆ ಮಗ್ಗಿ ಒಪ್ಪಿಸ್ದಂಗೈತಲ್ಲೋ."

ಅಮ್ಮ ಸಂಗೀತ ಕಲಿತವಳಲ್ಲ. ಗಿಟಾರಿಗೆ ಎಷ್ಟು ತಂತಿ ಅಂತ ಕೇಳಿದರೂ ಹೇಳಲಾರಳು. ಆದರೆ ಅವಳ ಮಾತು ಸರಿ ಇತ್ತು, ಅದೇ ಚುಚ್ಚಿದ್ದು. ಆಮೇಲೆ ನನ್ನ ಅಭ್ಯಾಸದ ಕ್ರಮವನ್ನೇ ತಿರುಗಿಸಿ ಹಾಕಿದೆ. ಅಲ್ಲಿವರೆಗೆ ಏನು ಅಂದುಕೊಂಡಿದ್ದೆ ಅಂದರೆ, ಮೊದಲು ಬೆರಳು ಕೂರಲಿ, ಭಾವ ಆಮೇಲೆ ನೋಡೋಣ. ಭಾವ ಅನ್ನುವುದು ಅಡುಗೆ ಇಳಿಸಿದ ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪಲ್ಲ ಅಂತ ತಿಳಿಯಲು ಸಮಯ ಹಿಡಿಯಿತು. ಮೂರು ತಿಂಗಳು ಸಪ್ಪೆಯಾಗಿ ನುಡಿಸಿದರೆ ಬೆರಳು ಕಲಿಯುವುದೂ ಸಪ್ಪೆಯನ್ನೇ. ಆಮೇಲೆ ಅದನ್ನು ಮರೆಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ನಾನು ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯೊಂದರ ಲೆಕ್ಕ ಬರೆಯುವವನು. ಅಭ್ಯಾಸಕ್ಕೆ ಸಿಗುವುದು ರಾತ್ರಿ ಒಂಬತ್ತೂವರೆಯಿಂದ ಹತ್ತು ಕಾಲು. ಅಷ್ಟರಲ್ಲೇ ಮಾಡಬಹುದಾದ್ದನ್ನು ಇಲ್ಲಿ ಬರೆದಿದ್ದೇನೆ. ಸ್ವಲ್ಪ ನೊಟೇಶನ್ (ಸ್ವರಲಿಪಿ) ಓದಲು ಬರುವ, ಒಂದೆರಡು ಸಣ್ಣ ಪಾಠ ನುಡಿಸುವವರಿಗೆ ಇದು ಸರಿಹೊಂದುತ್ತದೆ. ಈಗಷ್ಟೇ ಶುರು ಮಾಡಿದವರು ತಮ್ಮ ಪಾಠದ ಯಾವುದಾದರೂ ನಾಲ್ಕು ಬಾರ್ (ನೊಟೇಶನ್ನಿನಲ್ಲಿ ಎರಡು ಲಂಬ ಗೆರೆಗಳ ನಡುವಿನ ಒಂದು ತುಂಡು, ನಮ್ಮ ಆವರ್ತದ ಹಾಗೆ) ಇಟ್ಟುಕೊಂಡು ಮಾಡಬಹುದು.

ಉದಾಹರಣೆಗೆ ಒಂದೇ ಪಾಠ ಹಿಡಿಯುತ್ತೇನೆ: ಫ್ರಾನ್ಸಿಸ್ಕೊ ತಾರೆಗಾ ಬರೆದ 'ಲಾಗ್ರಿಮಾ'. ತಾರೆಗಾ (1852–1909) ಸ್ಪೇನಿನವರು. ಲಾಗ್ರಿಮಾ ಅಂದರೆ ಕಣ್ಣೀರ ಹನಿ. ಪಾಠ ಬರೀ ಹದಿನಾರು ಬಾರ್. ಮೊದಲ ಎಂಟು ಇ ಮೇಜರ್ (ಇ ಅನ್ನುವ ಸ್ವರವನ್ನು ಷಡ್ಜ ಮಾಡಿಕೊಂಡ, ತಿಳಿಯಾಗಿ ಕೇಳುವ ಶ್ರೇಣಿ), ಮುಂದಿನ ಎಂಟು ಇ ಮೈನರ್ (ಷಡ್ಜ ಅದೇ, ಮಂಕಾಗಿ ಕೇಳುವ ಶ್ರೇಣಿ), ಕೊನೆಗೆ ಮತ್ತೆ ಮೊದಲ ಎಂಟಕ್ಕೆ ವಾಪಸ್. ಮೂರು ಮಾತ್ರೆಯ ನಡೆ. ಕ್ಲಾಸಿಕಲ್ ಗಿಟಾರ್ ಕಲಿಯುವ ಬಹಳಷ್ಟು ಜನ ಒಂದಲ್ಲ ಒಂದು ದಿನ ಇದರ ಹತ್ತಿರ ಬಂದೇ ಬರುತ್ತಾರೆ.

ಶುರು ಮಾಡುವ ಮುಂಚೆ

ಬೇಕಾಗುವುದು ಕಡಿಮೆ. ನೈಲಾನ್ ತಂತಿಯ ಗಿಟಾರ್, ಪೆನ್ಸಿಲ್, ರಬ್ಬರ್, ಕಾಗದದ ಮೇಲೆ ಅಚ್ಚು ಹಾಕಿದ ನೊಟೇಶನ್, ರೆಕಾರ್ಡ್ ಮಾಡಲು ಮೊಬೈಲ್. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಅಂಗಡಿಯ ಗ್ರೂಪಿನಲ್ಲಿ "ನಾಳೆ ಸ್ಟಾಕ್ ಬರುತ್ತೆ" ಅಂತ ಒಂದು ಸಂದೇಶ ಬಂದರೆ ಸಾಕು, ಆ ಹೊತ್ತಿನ ಮನಸ್ಸು ಹೋಯಿತು.

ಸಂಜೆ ಮಂಡಕ್ಕಿ ಮಿರ್ಚಿ ತಿಂದಿದ್ದರೆ ಸೋಪು ಹಾಕಿ ಕೈ ತೊಳೆಯಿರಿ. ತಮಾಷೆ ಅಲ್ಲ. ದಪ್ಪ ಸ್ವರದ ಮೂರು ತಂತಿಗಳ ಮೇಲೆ ಲೋಹದ ಎಳೆ ಸುತ್ತಿರುತ್ತದೆ. ಎಣ್ಣೆ, ಬೆವರು ಆ ಸುತ್ತಿನೊಳಗೆ ಕೂತರೆ ತಂತಿಯ ನಾದ ಮಂಕಾಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿಗೆ ಗಿಟಾರಿನ ಮೇಲ್ಹಲಗೆ ಬಿರುಕು ಬಿಡುವುದೂ ಉಂಟು. ಗಾಳಿಯ ತೇವ 45ರಿಂದ 55 ಶೇಕಡಾ ಇದ್ದರೆ ಮರಕ್ಕೆ ಹಿತ. ನುಡಿಸಿದ ಮೇಲೆ ಕೇಸಿನೊಳಗಿಡಿ, ಗೋಡೆಗೆ ನೇತು ಹಾಕಬೇಡಿ.

ಶ್ರುತಿ ಮಾಡುವಾಗ ಟ್ಯೂನರಿನ ಹಸಿರು ದೀಪ ಒಂದನ್ನೇ ನಂಬಬೇಡಿ. ದೀಪ ಹತ್ತಿದ ಮೇಲೂ ಕಣ್ಣು ಮುಚ್ಚಿ ಎರಡೆರಡು ತಂತಿ ಒಟ್ಟಿಗೆ ಮೀಟಿ ಕೇಳಿ. ಕಿವಿ ಎದ್ದೇಳುವುದು ಅಲ್ಲೇ.

ಹೆಜ್ಜೆ 1: ಗಿಟಾರ್ ಪಕ್ಕಕ್ಕಿಡಿ, ಹಾಡಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ನಾಚಿಕೆ. ನಾನೂ ಬಾಗಿಲು ಹಾಕಿಕೊಂಡೇ ಶುರು ಮಾಡಿದ್ದು.

ಮೊಬೈಲಿನಲ್ಲಿ ತಂಬೂರಿ ಆ್ಯಪ್ ಇದ್ದರೆ ಇ ಶ್ರುತಿಗೆ ಇಡಿ. ಗಂಟಲಿಗೆ ಎತ್ತರವಾದರೆ ನಿಮಗೆ ಒಗ್ಗುವ ಷಡ್ಜ ಇಟ್ಟುಕೊಳ್ಳಿ, ಬೆರಳಿಗೂ ಇದಕ್ಕೂ ಈಗ ಸಂಬಂಧವಿಲ್ಲ. ಲಾಗ್ರಿಮಾದ ಮೊದಲ ಬಾರನ್ನು ನಮ್ಮ ಸ್ವರದಲ್ಲಿ ನೋಡಿ. ಇ ಅನ್ನು 'ಸ' ಅಂದುಕೊಂಡರೆ ಮೇಲಿನ ದನಿ ಗ, ಮ, ಪ. ಕೆಳಗಿನ ದನಿ ಅದರ ಜೊತೆಗೇ ಸ, ರಿ, ಗ. ಎರಡರ ನಡುವೆ, ಪ್ರತಿ ಮಾತ್ರೆಯ ಎರಡನೇ ಅರ್ಧದಲ್ಲಿ, ಎರಡನೇ ತಂತಿ ಖಾಲಿಯಾಗಿ, ಅಂದರೆ ಎಡಗೈ ಬೆರಳು ಒತ್ತದೆ, ನುಡಿಯುತ್ತದೆ. ಅದು ಬಿ. ಅಂದರೆ ಪಂಚಮ.

ಇದು ಕಂಡ ದಿನ ನನಗೆ ಕೂತಲ್ಲೇ ಖುಷಿಯಾಯಿತು. ನಡುವೆ ತಂಬೂರಿಯ ಹಾಗೆ ಪಂಚಮ ನಿಂತಿದೆ, ಮೇಲೊಬ್ಬರು ಕೆಳಗೊಬ್ಬರು ಜೊತೆಜೊತೆಗೆ ಮೆಟ್ಟಿಲು ಹತ್ತುತ್ತಿದ್ದಾರೆ. ಸ್ಪೇನಿನಲ್ಲಿ ಕೂತು ಬರೆದವರಿಗೆ ತಂಬೂರಿ ನೆನಪಿನಲ್ಲಿರಲಿಲ್ಲ, ಬಿಡಿ. ಆದರೆ ನಮ್ಮ ಕಿವಿಗೆ ಇದು ಒಳಗೆ ಹೋಗುವ ಬಾಗಿಲು. ಬಾಗಿಲು ಇದ್ದಾಗ ಕಿಟಕಿ ಹತ್ತುವುದು ಯಾಕೆ?

ಹೀಗೆ ಮಾಡಿ. ಮೊದಲು ಮೇಲಿನ ದನಿ ಮಾತ್ರ ಹಾಡಿ. ಆಮೇಲೆ ಕೆಳಗಿನದು ಮಾತ್ರ. ಮೂರನೆಯದಾಗಿ, ಕೆಳಗಿನ ದನಿಯನ್ನು ಗಿಟಾರಿನಲ್ಲಿ ಹೆಬ್ಬೆರಳಿನಿಂದ ನುಡಿಸುತ್ತಾ ಮೇಲಿನದನ್ನು ಬಾಯಲ್ಲಿ ಹಾಡಿ. ಮೂರನೆಯದು ಕಷ್ಟ. ಮೊದಲ ವಾರ ನನಗೆ ಒಂದು ಬಾರ್ ಕೂಡ ದಾಟಲಿಲ್ಲ. ದಾಟಿದ ಮೇಲೆ ಮಾತ್ರ ಈ ಪಾಠದಲ್ಲಿ ಇಬ್ಬರಿದ್ದಾರೆ ಅನ್ನುವುದು ಮೈಗೆ ಗೊತ್ತಾಯಿತು.

ದನಿ ಚೆನ್ನಾಗಿರಬೇಕಾಗಿಲ್ಲ. ಹಾಡುವಾಗ ನೀವು ಎಲ್ಲಿ ತಾನಾಗೇ ದನಿ ಏರಿಸಿದಿರಿ, ಎಲ್ಲಿ ಒತ್ತಿದಿರಿ, ಎಲ್ಲಿ ತೇಲಿಬಿಟ್ಟಿರಿ, ಅಷ್ಟು ಗಮನಿಸಿ. ಪೆನ್ಸಿಲಿನಲ್ಲಿ ಗುರುತು ಹಾಕಿ. ಆ ಗುರುತುಗಳು ನಿಮ್ಮವು. ಇನ್ಯಾರದೋ ವಿಡಿಯೋ ನೋಡಿ ಕದ್ದದ್ದಲ್ಲ.

ಹೆಜ್ಜೆ 2: ಉಸಿರು ಎಲ್ಲಿ ಬರುತ್ತದೆ ಅಂತ ಬರೆಯಿರಿ

ನನ್ನ ಅಜ್ಜಿ ಚಳ್ಳಕೆರೆ ಕಡೆಯವಳು. ರಾಗಿ ಬೀಸುತ್ತಾ ಪದ ಹೇಳುತ್ತಿದ್ದಳು. ಬೀಸುಕಲ್ಲಿನ ಗೂಟ ಎದುರು ಬದಿಗೆ ಹೋದಾಗ ಸಾಲು, ಹತ್ತಿರ ಬಂದಾಗ ಉಸಿರು. ಕಲ್ಲು ನಿಲ್ಲುತ್ತಿರಲಿಲ್ಲ, ಪದವೂ ನಿಲ್ಲುತ್ತಿರಲಿಲ್ಲ. ಆದರೆ ಸಾಲು ಎಲ್ಲಿ ಮುಗಿಯಿತು ಅನ್ನುವುದು ಒಳಗೆ ಆಡುತ್ತಿದ್ದ ನಮಗೂ ಗೊತ್ತಾಗುತ್ತಿತ್ತು. ಚಿತ್ರದುರ್ಗದ ಕಾಡುಗೊಲ್ಲರ ಹಟ್ಟಿಗಳಲ್ಲಿ ಅವರ ದೈವ ಜುಂಜಪ್ಪನ ಪದದ ಜೊತೆ ಊದುವ ಗಣೆ ಕೇಳಿದ್ದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಷ್ಟುದ್ದದ ಬಿದಿರಿನ ಕೊಳಲು. ಸ್ವರದ ಜೊತೆಗೆ ಊದುವವನ ಉಸಿರೂ ಕೇಳುತ್ತದೆ.

ಗಿಟಾರಿನ ತೊಂದರೆ ಇದೇ. ಇದಕ್ಕೆ ಉಸಿರು ಬೇಡ. ಉಸಿರು ಕಟ್ಟಿಕೊಂಡೇ ಹದಿನಾರು ಬಾರ್ ನುಡಿಸಿ ಮುಗಿಸಬಹುದು. ನಾನು ಮಾಡುತ್ತಿದ್ದದ್ದು ಅದನ್ನೇ. ಅದಕ್ಕೇ ಮಗ್ಗಿಯಾಯಿತು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಅನ್ನುವಾಗ ಸಾಲು ಇರುವುದಿಲ್ಲ, ಸರದಿ ಇರುತ್ತದೆ.

ಈಗ ಹಾಡುತ್ತಾ, ಉಸಿರು ತೆಗೆದುಕೊಳ್ಳಬೇಕು ಅನ್ನಿಸಿದ ಕಡೆಯೆಲ್ಲ ಒಂದು ಅಲ್ಪವಿರಾಮ ಹಾಕಿ. ಲಾಗ್ರಿಮಾದಲ್ಲಿ ನನಗೆ ಸಾಮಾನ್ಯವಾಗಿ ಎರಡು ಬಾರ್‌ಗೆ ಒಮ್ಮೆ ಬರುತ್ತದೆ. ನಿಮಗೆ ನಾಲ್ಕಕ್ಕೆ ಬರಬಹುದು, ತಪ್ಪಲ್ಲ. ನುಡಿಸುವಾಗ ಆ ಗುರುತಿನ ಹತ್ತಿರ ನಿಜವಾಗಿಯೂ ಮೂಗಿನಿಂದ ಉಸಿರು ಎಳೆಯಿರಿ. ಕೈ ತಾನಾಗೇ ಕೂದಲೆಳೆಯಷ್ಟು ತಡ ಮಾಡುತ್ತದೆ. ಅಷ್ಟೇ ಸಾಕು, ಬೇಕೆಂದು ನಿಲ್ಲಿಸಬೇಡಿ.

ಹೆಜ್ಜೆ 3: ಒಂದೇ ಒಂದು ಸ್ವರ ಸಾಯುವುದನ್ನು ಕೇಳಿ

ಕೊಳಲಿನವರು, ಪಿಟೀಲಿನವರು ಹಿಡಿದ ಸ್ವರವನ್ನು ಉಬ್ಬಿಸಬಹುದು. ಗಿಟಾರಿನಲ್ಲಿ ಆಗುವುದಿಲ್ಲ. ಮೀಟಿದ ಕ್ಷಣದಿಂದಲೇ ಸ್ವರ ಇಳಿಯಲು ಶುರು. ನಮ್ಮ ವಾದ್ಯದ ಭಾವವೆಲ್ಲ ಈ ಇಳಿಜಾರಿನಲ್ಲೇ ಇದೆ ಅಂತ ನನ್ನ ನಂಬಿಕೆ.

ಮೊದಲನೇ ತಂತಿ, ನಾಲ್ಕನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ). ಲಾಗ್ರಿಮಾದ ಮೊದಲ ಸ್ವರ ಅದೇ, ಆ ಗಾಂಧಾರ. ಒಂದು ಸಲ ಮೀಟಿ. ಪೂರ್ತಿ ಅಡಗುವವರೆಗೆ ಕೇಳಿ. ಹೊರಗೆ ಬೈಕು ಹೋಗುತ್ತದೆ, ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ, ಕೇಳುತ್ತಿರಿ. ಹತ್ತು ಸಲ ಹೀಗೆ. ಮೂರು ನಿಮಿಷದ ಕೆಲಸ.

ಆಮೇಲೆ ಎರಡು ಸ್ವರ: ಗ, ಮ. ಮೊದಲನೆಯದು ಇಳಿದು ಎಷ್ಟು ಸಣ್ಣದಾಗಿದೆಯೋ ಅದೇ ಅಳತೆಯಲ್ಲಿ ಎರಡನೆಯದನ್ನು ಶುರು ಮಾಡಿ ನೋಡಿ. ಎರಡೂ ಒಂದೇ ಗಂಟಲಿನಿಂದ ಬಂದ ಹಾಗೆ ಕೇಳುತ್ತದೆ. ಎರಡನೆಯದನ್ನು ಮೊದಲನೆಯದರಷ್ಟೇ ಜೋರಾಗಿ ಮೀಟಿದರೆ ಹೊಸ ಪದ ಶುರುವಾದ ಹಾಗಾಗುತ್ತದೆ. ಎರಡೂ ಬೇಕು. ಎಲ್ಲಿ ಯಾವುದು ಅನ್ನುವುದನ್ನು ಹೆಜ್ಜೆ ಒಂದರಲ್ಲಿ ಹಾಕಿದ ಪೆನ್ಸಿಲ್ ಗುರುತು ಹೇಳುತ್ತದೆ.

ಎಡಗೈ ಬಗ್ಗೆ ಒಂದು ಮಾತು. ಮುಂದಿನ ಸ್ವರಕ್ಕೆ ಹೋಗುವ ಆತುರದಲ್ಲಿ ಈಗಿನ ಸ್ವರದ ಬೆರಳು ಬೇಗ ಎತ್ತುತ್ತೇವೆ. ಸಾಲು ತುಂಡಾಗುವುದು ಅಲ್ಲಿ. ಕೊನೇ ಗಳಿಗೆವರೆಗೆ ಬೆರಳು ಬಿಡಬೇಡಿ. ಹಾಗಂತ ಗಟ್ಟಿಯಾಗಿ ಒತ್ತಲೂಬೇಡಿ. ಸ್ವರ ಬರಲು ಬೇಕಾದ್ದಕ್ಕಿಂತ ಎರಡು ಪಟ್ಟು ಬಲ ನಾವೆಲ್ಲ ಸುಮ್ನೆ ಹಾಕುತ್ತೇವೆ. ಒತ್ತಡ ಕಡಿಮೆ ಮಾಡುತ್ತಾ ಬನ್ನಿ, ಸ್ವರ ಗರಗರ ಅನ್ನುವವರೆಗೆ. ಅಲ್ಲಿಂದ ಒಂದು ಕೂದಲೆಳೆ ಜಾಸ್ತಿ. ಅದೇ ನಿಮ್ಮ ಅಳತೆ. ಮಣಿಕಟ್ಟು ನೋಯುತ್ತಿದ್ದರೆ ಅವತ್ತಿಗೆ ನಿಲ್ಲಿಸಿ.

ಹೆಜ್ಜೆ 4: ಮೂವರಿಗೂ ಮೂರು ದನಿ ಕೊಡಿ

ಮೇಲಿನ ಸಾಲು, ಕೆಳಗಿನ ಸಾಲು, ನಡುವಿನ ಪಂಚಮ. ಮೂರನ್ನೂ ಒಂದೇ ಜೋರಿನಲ್ಲಿ ನುಡಿಸಿದರೆ ಸಂತೆ. ಅಮ್ಮನಿಗೆ ಅವತ್ತು ಕೇಳಿಸಿದ್ದು ಈ ಸಂತೆಯೇ ಇರಬೇಕು.

ಬಲಗೈಯಲ್ಲಿ ಹೆಬ್ಬೆರಳು ಕೆಳಗಿನ ದನಿಗೆ, ತೋರುಬೆರಳು ಪಂಚಮಕ್ಕೆ, ಉಂಗುರದ ಬೆರಳು ಅಥವಾ ಮಧ್ಯದ ಬೆರಳು ಮೇಲಿನ ಸಾಲಿಗೆ. ಮೊದಲ ಎರಡು ಬಾರ್ ಮಾತ್ರ ಹಿಡಿಯಿರಿ. ಮೇಲಿನ ಸಾಲನ್ನು ಸರಿಯಾಗಿ ಮೀಟಿ, ಉಳಿದ ಎರಡು ಬೆರಳು ತಂತಿಯನ್ನು ಮುಟ್ಟಿ ಬರಲಿ, ಸದ್ದು ಮಾಡದೆ. ಆಮೇಲೆ ಅವಕ್ಕೆ ಪಿಸುಮಾತಿನಷ್ಟು ದನಿ ಕೊಡಿ. ಆಮೇಲೆ ಕೆಳಗಿನ ದನಿಯನ್ನು ಮಾತ್ರ ಸ್ವಲ್ಪ ಏರಿಸಿ. ಕೊನೆಗೆ ಉಲ್ಟಾ ಮಾಡಿ: ಪಂಚಮವನ್ನು ಎಲ್ಲಕ್ಕಿಂತ ಜೋರು ಮಾಡಿ ನೋಡಿ. ವಿಚಿತ್ರವಾಗಿ ಕೇಳುತ್ತದೆ. ಆ ವಿಚಿತ್ರ ಕಿವಿಗೆ ಬಿದ್ದ ಮೇಲೆ ಪಂಚಮ ಎಷ್ಟಿರಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ತೋರುಬೆರಳು ಮಹಾ ಮೊಂಡ. ಮೆಲ್ಲಗೆ ಮೀಟು ಅಂದರೆ ಕೇಳುವುದೇ ಇಲ್ಲ. ಈ ಒಂದು ಹೆಜ್ಜೆಗೆ ಆರು ವಾರ ಹೋಯಿತು.

ಹೆಜ್ಜೆ 5: ಬಣ್ಣ ಹುಡುಕಿ, ಆದರೆ ಮಿತಿಯಲ್ಲಿ

ಬಲಗೈಯನ್ನು ಬ್ರಿಡ್ಜಿನ (ಮೇಲ್ಹಲಗೆಯ ಮೇಲೆ ತಂತಿ ಕಟ್ಟಿರುವ ಪಟ್ಟಿ) ಹತ್ತಿರ ಒಯ್ದರೆ ದನಿ ತೆಳುವಾಗಿ, ಚುರುಕಾಗಿ ಬರುತ್ತದೆ. ಸೌಂಡ್ ಹೋಲ್ ದಾಟಿ ಫಿಂಗರ್‌ಬೋರ್ಡಿನ ಕಡೆ ಒಯ್ದರೆ ದುಂಡಗೆ, ಮೆತ್ತಗೆ. ಮೊದಲನೆಯದಕ್ಕೆ ಪೊಂಟಿಚೆಲೊ, ಎರಡನೆಯದಕ್ಕೆ ತಾಸ್ತೊ ಅನ್ನುತ್ತಾರೆ. ಉಗುರು ತಂತಿಗೆ ನೇರ ಬಿದ್ದರೆ ಒಂದು ಬಣ್ಣ, ಓರೆಯಾಗಿ ಜಾರಿದರೆ ಇನ್ನೊಂದು. ಮೀಟಿದ ಬೆರಳು ಪಕ್ಕದ ತಂತಿಯ ಮೇಲೆ ಒರಗಿ ನಿಂತರೆ ಅಪೊಯಾಂದೊ. ಸ್ವರಕ್ಕೆ ಮೈ ಬರುತ್ತದೆ. ಗಾಳಿಯಲ್ಲಿ ಮೇಲೆದ್ದರೆ ತಿರಾಂದೊ.

ಒಂದೇ ಗಾಂಧಾರವನ್ನು ಹನ್ನೆರಡನೇ ಫ್ರೆಟ್ಟಿನಿಂದ ಬ್ರಿಡ್ಜಿನವರೆಗೆ, ಒಂದೊಂದು ಬೆರಳಗಲ ಸರಿಯುತ್ತಾ ನುಡಿಸಿ. ಒಂದು ಕಡೆ "ಹಾಂ, ಇದು" ಅನ್ನಿಸುತ್ತದೆ. ಅದೇ ನಿಮ್ಮ ಮನೆ. ಪಾಠದ ಮುಕ್ಕಾಲು ಭಾಗ ಅಲ್ಲೇ ಇರಿ. ಹೊರಗೆ ಹೋಗುವುದು ಒಂದೆರಡು ಸಲ ಮಾತ್ರ, ಕಾರಣ ಇದ್ದಾಗ. ಒಂದೊಂದು ಬಾರ್‌ಗೂ ಬಣ್ಣ ಬದಲಿಸುವವರನ್ನು ಕೇಳಿದರೆ ನನಗೆ ಜಾತ್ರೆಯ ಲೈಟಿಂಗ್ ನೆನಪಾಗುತ್ತದೆ.

ತಾರೆಗಾ ಅವರ ಕಾಲದಲ್ಲಿ ನೈಲಾನ್ ಇರಲಿಲ್ಲ. ತೆಳು ತಂತಿಗಳು ಪ್ರಾಣಿಗಳ ಕರುಳಿನಿಂದ ಮಾಡಿದವು. ನೈಲಾನ್ ಬಂದದ್ದು 1940ರ ದಶಕದಲ್ಲಿ. ಅವರು ಕೊನೆಯ ವರ್ಷಗಳಲ್ಲಿ ಉಗುರನ್ನೂ ಕತ್ತರಿಸಿ ಬರೀ ಬೆರಳ ತುದಿಯಿಂದ ನುಡಿಸುತ್ತಿದ್ದರು. ಹಾಗಾಗಿ ಈ ಪಾಠಕ್ಕೆ ಫಳಫಳ ಹೊಳೆಯುವ ದನಿಗಿಂತ ಮೆತ್ತನೆಯದೇ ಒಪ್ಪುತ್ತದೆ ಅಂತ ನನಗನ್ನಿಸುತ್ತದೆ.

ಕಂಪನದ ವಿಷಯ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಸ್ವರ ಅಲ್ಲಾಡಿಸದೆ ಇರಲು ಆಗುವುದಿಲ್ಲ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ಮಾಡುತ್ತಾರೆ. ಕ್ಲಾಸಿಕಲ್ ಗಿಟಾರಿನಲ್ಲಿ ಸಾಮಾನ್ಯವಾಗಿ ಬೆರಳನ್ನು ತಂತಿಯ ಉದ್ದಕ್ಕೆ ಹಿಂದೆ ಮುಂದೆ ತೂಗುತ್ತಾರೆ. ಸ್ವರ ಸಣ್ಣಗೆ ಅಲುಗುತ್ತದೆ, ಇನ್ನೊಂದು ಸ್ವರ ಮುಟ್ಟುವುದಿಲ್ಲ. ಎಂಟು ಬಾರಿನಲ್ಲಿ ಒಂದೇ ಸ್ವರಕ್ಕೆ ಕಂಪನ ಕೊಡಿ, ಮಿಕ್ಕವನ್ನು ಸುಮ್ಮನೆ ಬಿಡಿ. ಯಾವುದಕ್ಕೆ? ಹಾಡುವಾಗ ನಿಮ್ಮ ದನಿ ಎಲ್ಲಿ ಕಾದು ನಿಂತಿತೋ ಅದಕ್ಕೆ.

ಹೆಜ್ಜೆ 6: ಕದ್ದ ಕಾಲವನ್ನು ವಾಪಸ್ ಕೊಡಿ

ಭಾವ ಅಂದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ನಿಧಾನ ಮಾಡುವುದು. ಬರೀ ಎಳೆದಾಟ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಡ್ರೈವರ್ ಭರಮಸಾಗರದಲ್ಲಿ ಚಹಾಕ್ಕೆ ಅಂತ ಐದು ನಿಮಿಷ ಜಾಸ್ತಿ ನಿಂತ ಅಂದುಕೊಳ್ಳಿ. ಮುಂದೆ ಹೈವೇಯಲ್ಲಿ ಸರಿದೂಗಿಸುತ್ತಾನೆ, ಯಾರೂ ಏನೂ ಅನ್ನುವುದಿಲ್ಲ. ಪ್ರತಿ ಸ್ಟಾಪಿನಲ್ಲೂ ಐದೈದು ನಿಮಿಷ ನಿಂತರೆ? ಹಿಂದಿನ ಸೀಟಿನಿಂದ ಬೈಗುಳ ಶುರು. ಕಾಲದ ಜೊತೆ ಆಡುವುದೂ ಹೀಗೇ. ಒಂದು ಕಡೆ ತೆಗೆದುಕೊಂಡರೆ ಅದೇ ಸಾಲಿನಲ್ಲಿ ಇನ್ನೊಂದು ಕಡೆ ಕೊಡಬೇಕು.

ಅಭ್ಯಾಸ ಹೀಗೆ. ಮೆಟ್ರೋನೋಮನ್ನು (ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು ಎಂಟು ಬಾರ್ ಕಟ್ಟುನಿಟ್ಟಾಗಿ ನುಡಿಸಿ, ಸಪ್ಪೆಯಾದರೂ ಸರಿ. ಇಲ್ಲಿ ಸಪ್ಪೆ ಒಂದು ಅಳತೆಗೋಲು, ಅಷ್ಟೇ. ಮೆಟ್ರೋನೋಮ್ ನಿಲ್ಲಿಸಿ ಬಾಯಲ್ಲಿ "ಒಂದು, ಎರಡು, ಮೂರು" ಎಣಿಸುತ್ತಾ ನುಡಿಸಿ. ಈಗ ಎಣಿಕೆಯ ದನಿ ತಾನಾಗೇ ಕೆಲವು ಕಡೆ ಅರಳುತ್ತದೆ, ಕೆಲವು ಕಡೆ ಓಡುತ್ತದೆ. ಎಣಿಸಲು ಆಗದಷ್ಟು ಎಳೆದರೆ ಜಾಸ್ತಿ ಆಯಿತು ಅಂತ ಅರ್ಥ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ.

ಇನ್ನೊಂದು ಮಾತು. ಬೆರಳಿಗೆ ಕಷ್ಟವಾದ ಜಾಗದಲ್ಲಿ ನಿಧಾನ ಮಾಡಿ ಅದನ್ನು ಭಾವ ಅಂತ ಕರೆಯಬೇಡಿ. ನಾನು ಒಂದು ವರ್ಷ ಕರೆದಿದ್ದೆ.

ಹೆಜ್ಜೆ 7: ಗಾಂಧಾರ ಇಳಿಯುವ ಜಾಗ

ಒಂಬತ್ತನೇ ಬಾರಿನಲ್ಲಿ ಇ ಮೇಜರ್ ಹೋಗಿ ಇ ಮೈನರ್ ಬರುತ್ತದೆ. ಬದಲಾಗುವುದರಲ್ಲಿ ಮುಖ್ಯವಾದದ್ದು ಗಾಂಧಾರ. ಒಂದು ಫ್ರೆಟ್ ಕೆಳಗೆ, ಅಷ್ಟೇ. ಅಂತರ ಗಾಂಧಾರ ಇದ್ದದ್ದು ಸಾಧಾರಣ ಗಾಂಧಾರ ಆಯಿತು. ಶಂಕರಾಭರಣದ ಬೀದಿಯಿಂದ ನಟಭೈರವಿ, ಕೀರವಾಣಿಗಳ ಬೀದಿಗೆ ತಿರುಗಿದ ಹಾಗೆ. ರಾಗ ಅಂದರೆ ಬರೀ ಸ್ವರಗಳ ಪಟ್ಟಿ ಅಲ್ಲ, ಗೊತ್ತು. ಆದರೂ ಈ ಹೋಲಿಕೆ ಕಿವಿಗೆ ಸಹಾಯ ಮಾಡುತ್ತದೆ.

ಗಿಟಾರ್ ಹಿಡಿದು ಮೊದಲನೇ ತಂತಿಯ ನಾಲ್ಕನೇ ಫ್ರೆಟ್ ನುಡಿಸಿ, ಆರನೇ ತಂತಿ ಖಾಲಿ ಇ ಜೊತೆಗೆ. ಆಮೇಲೆ ಮೂರನೇ ಫ್ರೆಟ್, ಅದೇ ಖಾಲಿ ಇ ಜೊತೆಗೆ. ಒಂದಾದ ಮೇಲೊಂದು, ನಿಧಾನವಾಗಿ. ಮೈಯಲ್ಲಿ ಏನಾಗುತ್ತದೆ ನೋಡಿ. ಎದೆ? ಭುಜ? ಕೆಲವರಿಗೆ ಹೊಟ್ಟೆಯ ಹತ್ತಿರ ಏನೋ ಇಳಿದ ಹಾಗಾಗುತ್ತದೆ. ಅದಕ್ಕೆ ಹೆಸರಿಡಬೇಡಿ. ದುಃಖ ಅಂತ ಬೋರ್ಡು ಹಾಕಿದ ಕೂಡಲೇ ನಾವು ದುಃಖದ ನಾಟಕ ಶುರು ಮಾಡುತ್ತೇವೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಅಜ್ಜಿ ತೀರಿಕೊಂಡ ತಿಂಗಳು ಈ ಮೈನರ್ ಭಾಗ ನುಡಿಸುವಾಗ ಅವಳನ್ನೇ ನೆನೆಯುತ್ತಿದ್ದೆ. ಕಣ್ಣು ತುಂಬಿ ನೊಟೇಶನ್ ಕಾಣುತ್ತಿರಲಿಲ್ಲ. ಎಂಥಾ ಭಾವ ಬಂತು ಅಂದುಕೊಂಡು ರೆಕಾರ್ಡ್ ಮಾಡಿದೆ. ಮರುದಿನ ಕೇಳಿದರೆ ತಂತಿ ಗರಗರ ಅನ್ನುತ್ತಿದೆ, ತಾಳ ಎಲ್ಲೆಲ್ಲೋ ಹೋಗಿದೆ. ಅಳು ನನ್ನದು, ಪಾಠದ್ದಲ್ಲ. ಅವತ್ತಿನಿಂದ ನೆನಪನ್ನು ಬೇರೆ ರೀತಿ ಬಳಸುತ್ತೇನೆ. ಅಜ್ಜಿಯ ಸಾವನ್ನು ನೆನೆಯುವುದಿಲ್ಲ, ಅವಳು ಸಾಲು ಮುಗಿಸಿ ಉಸಿರು ಎಳೆಯುತ್ತಿದ್ದದ್ದನ್ನು ನೆನೆಯುತ್ತೇನೆ. ಅದು ಕೈಗೆ ಕೆಲಸಕ್ಕೆ ಬರುತ್ತದೆ.

ಈಗ ಈ ಪಾಠದ ನಿಜವಾದ ಗುಟ್ಟು. ಮೈನರ್ ಮುಗಿದ ಮೇಲೆ ಮತ್ತೆ ಮೊದಲ ಎಂಟು ಬಾರ್ ಬರುತ್ತದೆ. ಅದೇ ಸ್ವರ, ಅದೇ ಬೆರಳು. ಆದರೆ ಈಗ ಕೇಳುವವರ ಕಿವಿಯಲ್ಲಿ ಮೈನರ್ ಇನ್ನೂ ಉಳಿದಿದೆ. ಊರಿಂದ ಬಹಳ ದಿನದ ಮೇಲೆ ವಾಪಸ್ ಬಂದಾಗ ಮನೆ ಅದೇ, ಆದರೂ ಒಂದು ಕ್ಷಣ ಬಾಗಿಲಲ್ಲಿ ನಿಲ್ಲುತ್ತೇವಲ್ಲ, ಹಾಗೆ. ಮೊದಲ ಸಲ ನುಡಿಸಿದ ಹಾಗೇ ನುಡಿಸಿದರೆ ನಡುವಿನ ಎಂಟು ಬಾರ್ ದಂಡ. ಮೂರು ಬಗೆ ಪ್ರಯತ್ನಿಸಿ: ಒಂದು, ಮೊದಲಿಗಿಂತ ಮೆಲ್ಲಗೆ, ಫಿಂಗರ್‌ಬೋರ್ಡಿನ ಕಡೆ ಕೈ ಸರಿಸಿ. ಎರಡು, ಜೋರು ಮೊದಲಿನಷ್ಟೇ, ಆದರೆ ಮೊದಲ ಗಾಂಧಾರಕ್ಕೆ ಮುಂಚೆ ಒಂದು ಪೂರ್ತಿ ಉಸಿರು. ಮೂರು, ಕೆಳಗಿನ ದನಿಯನ್ನು ಈ ಸಲ ಮುಂದೆ ತನ್ನಿ. ನನಗೆ ಎರಡನೆಯದು ಹಿಡಿಸಿತು. ನಿಮಗೆ ಯಾವುದೆಂದು ಒಂದು ವಾರ ನುಡಿಸಿ ನೋಡಿ, ಒಂದೇ ದಿನಕ್ಕೆ ತೀರ್ಮಾನ ಬೇಡ.

ಏನೂ ಅನ್ನಿಸದ ದಿನ

ತಿಂಗಳ ಕೊನೆ, ಜಿಎಸ್‌ಟಿ ಲೆಕ್ಕ ಮುಗಿಸಿ ಬಂದ ರಾತ್ರಿ ನನಗೆ ಯಾವ ಗಾಂಧಾರವೂ ಏನೂ ಮಾಡುವುದಿಲ್ಲ. ಅಂಥ ದಿನ ಭಾವ ಹಿಂಡಲು ಹೋಗಬೇಡಿ. ಹತ್ತು ನಿಮಿಷ ಹೆಜ್ಜೆ ಮೂರು ಮಾಡಿ, ಒಂದೇ ಸ್ವರ ಕೇಳುವುದು. ಇಲ್ಲವೇ ಗಿಟಾರ್ ಮುಟ್ಟದೆ ಎಂಟು ಬಾರ್ ಹಾಡಿ ಮಲಗಿ. ಕೇಳುವ ಕೆಲಸ ನಡೆದಿದ್ದರೆ ಅವತ್ತಿನ ಅಭ್ಯಾಸ ನಡೆದಿದೆ ಅಂತಲೇ ಲೆಕ್ಕ. ಮುಖ ಕಿವುಚಿ, ತಲೆ ತೂಗಿ ನುಡಿಸಿದರೆ ಭಾವ ಬರುತ್ತದೆ ಅನ್ನುವುದು ವಿಡಿಯೋಗಳು ಹಚ್ಚಿದ ಚಟ. ಅಂಥ ವಿಡಿಯೋ ಒಂದನ್ನು ಮೊಬೈಲ್ ಬೋರಲು ಹಾಕಿ ಬರೀ ಕಿವಿಯಿಂದ ಕೇಳಿ. ಎಷ್ಟು ಉಳಿಯುತ್ತದೆ ನೋಡಿ.

ಹೆಜ್ಜೆ 8: ರೆಕಾರ್ಡ್ ಮಾಡಿ, ಮರುದಿನ ಕೇಳಿ

ಮೊಬೈಲನ್ನು ನಾಲ್ಕೈದು ಅಡಿ ದೂರ ಇಡಿ. ಒಂದೇ ಸಲ ನುಡಿಸಿ, ತಪ್ಪಾದರೂ ನಿಲ್ಲಿಸಬೇಡಿ. ಅದೇ ರಾತ್ರಿ ಕೇಳಬೇಡಿ. ಬೆರಳಿನ ಶ್ರಮ ಇನ್ನೂ ನೆನಪಿರುತ್ತದೆ, ಕಿವಿ ಸುಳ್ಳು ಹೇಳುತ್ತದೆ. ಮರುದಿನ ನೊಟೇಶನ್ ನೋಡದೆ ಕೇಳಿ. ಒಂದು ಸಲ ಮೇಲಿನ ಸಾಲನ್ನು ಹಿಂಬಾಲಿಸಿ ಬಾಯಲ್ಲಿ ಗುನುಗಿ. ಎಲ್ಲಿ ಗುನುಗಲು ಆಗಲಿಲ್ಲವೋ ಅಲ್ಲಿ ಗಿಟಾರೂ ಹಾಡಿಲ್ಲ. ಇನ್ನೊಂದು ಸಲ ತೊಡೆ ತಟ್ಟುತ್ತಾ ಕೇಳಿ, ತಾಳ ಎಲ್ಲಿ ಜಾರಿತು ತಿಳಿಯುತ್ತದೆ. ಒಂದೇ ಒಂದು ದೋಷ ಆರಿಸಿಕೊಂಡು ಅವತ್ತು ಅದನ್ನು ಮಾತ್ರ ಸರಿಮಾಡಿ.

ಹೆಜ್ಜೆ 9: ಗಿಟಾರ್ ಗೊತ್ತಿಲ್ಲದ ಒಬ್ಬರಿಗೆ ನುಡಿಸಿ

ಗಿಟಾರ್ ಕಲಿತ ಗೆಳೆಯರು ಬೆರಳು ನೋಡುತ್ತಾರೆ. ಗೊತ್ತಿಲ್ಲದವರು ಕೇಳುತ್ತಾರೆ. ಅವರಿಗೆ ನುಡಿಸಿ. "ಹೇಗಿತ್ತು?" ಅಂತ ಮಾತ್ರ ಕೇಳಬೇಡಿ, "ಚೆನ್ನಾಗಿತ್ತು" ಅಂತಾರೆ, ಅಲ್ಲಿಗೆ ಮುಗಿಯಿತು. "ಎಲ್ಲಾದರೂ ಏನಾದರೂ ಬದಲಾದ ಹಾಗೆ ಅನ್ನಿಸಿತಾ?" ಅಂತ ಕೇಳಿ.

ಈ ಸಲ ಯುಗಾದಿ ಕಳೆದ ವಾರ ಅಮ್ಮನಿಗೆ ಮತ್ತೆ ನುಡಿಸಿದೆ. ರಾತ್ರಿ ಕರೆಂಟು ಹೋಗಿತ್ತು. ಅವಳು ಕಟ್ಟೆಯ ಮೇಲೆ ಬೀಸಣಿಗೆ ಹಿಡಿದು ಕೂತಿದ್ದಳು. ಕತ್ತಲಲ್ಲಿ ನೊಟೇಶನ್ ಇಲ್ಲ, ಮುಖವೂ ಕಾಣಲ್ಲ. ಮುಗಿದ ಮೇಲೆ ಅದೇ ಪ್ರಶ್ನೆ ಕೇಳಿದೆ. ಬೀಸಣಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದಳು.

"ನಡುವೆ ಒಂದ್ಕಡೆ ಮೋಡ ಮುಚ್ಕಂಡಂಗಾತು ನೋಡು. ಆಮೇಲೆ ಸರೀತು." ಬೀಸಣಿಗೆ ಮತ್ತೆ ಶುರುವಾಯಿತು. "ಆದ್ರೆ ಕೊನೀಗ್ಯಾಕೆ ಅಷ್ಟ್ ಗಡಿಬಿಡಿ? ಯಾರಾದ್ರೂ ಕರೆದ್ರಾ?"

ಕರೆಂಟು ಬಂದ ಮೇಲೆ ರೆಕಾರ್ಡ್ ಹಾಕಿ ಕೇಳಿದೆ. ಕೊನೆಯ ಎರಡು ಬಾರ್ ನಿಜವಾಗಿಯೂ ಓಡಿತ್ತು. ಏಳನೇ ಬಾರಿನ ಮುಂದೆ ಪೆನ್ಸಿಲಿನಲ್ಲಿ ಇನ್ನೊಂದು ಅಲ್ಪವಿರಾಮ ಹಾಕಿಟ್ಟಿದ್ದೇನೆ.